ತೋಪಿನ ತೂಕವೂ ರಾಜ್ಯದ ಬಲವೂ

ಆಯುಧವು ದೊಡ್ಡದಾದಷ್ಟೂ ರಾಜ್ಯವು ಬಲಿಷ್ಠವೆಂಬ ಭಾವನೆ ಬಹಳ ಹಳೆಯದು. ಮುದ್ದೇಬಿಹಾಳದ ವಿದ್ಯಾರ್ಥಿಗಳು ಇದನ್ನು ಪರೀಕ್ಷಿಸಲು ದೂರ ಹೋಗಬೇಕಾಗಿಲ್ಲ. ವಿಜಾಪುರದ ಕೋಟೆಯ ಮೇಲಿರುವ ಮಲಿಕ್-ಎ-ಮೈದಾನ್ ತೋಪೇ ಸಾಕು.

1549ರಲ್ಲಿ ಅಹಮದನಗರದಲ್ಲಿ ಎರಕಹೊಯ್ದ ಈ ತೋಪಿನ ತೂಕ ಸುಮಾರು 55 ಟನ್. ಉದ್ದ 14 ಅಡಿಗೂ ಹೆಚ್ಚು. ನಳಿಗೆಯ ಒಳವ್ಯಾಸ 2 ಅಡಿಗೂ ಮಿಗಿಲು. ಲೋಹವು ಸುಮಾರು ನಾಲ್ಕು ಪಾಲು ತಾಮ್ರಕ್ಕೆ ಒಂದು ಪಾಲು ತವರ ಬೆರೆತ ಕಂಚು. ಗುಂಡು ಮುಂದಕ್ಕೆ ಚಿಮ್ಮಿದಾಗ ತೋಪು ಹಿಂದಕ್ಕೆ ಒದೆಯುವುದು ನ್ಯೂಟನ್ನನ ಮೂರನೆಯ ನಿಯಮ. ತೋಪು ಭಾರವಾದಷ್ಟೂ ಆ ಒದೆತದ ವೇಗ ಕಡಿಮೆ. ಆದರೆ ಅದೇ ಭಾರವು ಅದರ ಚಲನೆಯನ್ನು ಕಟ್ಟಿಹಾಕುತ್ತದೆ. 1632ರಲ್ಲಿ ಪರಂಡಾ ಕೋಟೆಯಿಂದ ಇದನ್ನು ತರಲು ನಾನೂರು ಎತ್ತುಗಳೂ ಹತ್ತು ಆನೆಗಳೂ ಬೇಕಾದುವೆಂದು ಪ್ರತೀತಿ.

ಇದಕ್ಕೆ ಪ್ರತಿಯಾಗಿ, ತಾಳಿಕೋಟೆಯ ಹೆಸರಿನಿಂದ ಪ್ರಸಿದ್ಧವಾದ 1565ರ ಯುದ್ಧವನ್ನು ನೋಡಿರಿ. ಅಲ್ಲಿ ಸುಲ್ತಾನರ ಪಕ್ಷವು ತೋಪುಗಳನ್ನು ಮೂರು ಸಾಲಾಗಿ ನಿಲ್ಲಿಸಿ, ಶತ್ರು ಸಮೀಪಿಸಿದಾಗ ತಾಮ್ರದ ನಾಣ್ಯಗಳನ್ನೇ ತುಂಬಿ ಹಾರಿಸಿತೆಂದು ಇತಿಹಾಸಕಾರ ಫಿರಿಶ್ತಾ ಬರೆದಿದ್ದಾನೆ. ಅಲ್ಲಿ ಫಲಿಸಿದ್ದು ಗಾತ್ರವಲ್ಲ. ರಣರಂಗಕ್ಕೆ ಒಯ್ಯಬಲ್ಲ ತೋಪು ಮತ್ತು ನುರಿತ ಗೋಲಂದಾಜರ ಸಮಯಪ್ರಜ್ಞೆ.

1685ರಲ್ಲಿ ಮೊಗಲರು ವಿಜಾಪುರವನ್ನು ಮುತ್ತಿದರು. ಒಂದು ವರ್ಷಕ್ಕೂ ಮಿಕ್ಕಿ ಹೋರಾಡಿ 1686ರಲ್ಲಿ ನಗರ ಶರಣಾಯಿತು. ಮಹಾತೋಪು ಬುರುಜಿನ ಮೇಲೆಯೇ ಇತ್ತು, ಒಳಗಿನವರಿಗೆ ಅನ್ನವಿರಲಿಲ್ಲ.

ಇಂದಿನ ಚಿಕ್ಕ ರಾಷ್ಟ್ರಗಳಿಗೂ ಇದೇ ಪಾಠ. ಕೊಂಡುತಂದ ಟ್ಯಾಂಕು ವಿಮಾನಗಳು ಮೆರವಣಿಗೆಯಲ್ಲಿ ಶೋಭಿಸಬಹುದು. ಬಿಡಿಭಾಗ, ಇಂಧನ, ದುರಸ್ತಿ ಬಲ್ಲ ಕೈಗಳು ಇಲ್ಲವಾದರೆ ಅವೂ ಬುರುಜಿನ ಮೇಲಿನ ತೋಪುಗಳೇ. ಆದುದರಿಂದ ಒಂದು ದೇಶದ ಬಲವನ್ನು ಅಳೆಯುವಾಗ ಅದರ ಆಯುಧಾಗಾರಕ್ಕಿಂತ ಮೊದಲು ಅದರ ಕಾರ್ಖಾನೆ, ಕಣಜ ಮತ್ತು ಶಾಲೆಗಳನ್ನು ನೋಡತಕ್ಕದ್ದು.