ಓಟ ನಾಯಿಯದು, ಕಲಿಸಿದ ಕೈ ಯಾರದು?

ಬೀಗಲ್ ಎಂಬ ನಾಯಿಯನ್ನು ನೀವು ನೋಡಿರಬಹುದು. ಗಿಡ್ಡ ಕಾಲು, ಜೋತುಬಿದ್ದ ಕಿವಿ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಬೆಳಿಗ್ಗೆ ಸಂಜೆ ಅದನ್ನು ತಿರುಗಾಡಿಸುವ ಕೆಲಸ ನಮ್ಮ ಕೇರಿಯಿಂದ ಹೋದ ಹುಡುಗರಿಗೂ ಸಿಕ್ಕಿದೆ. ಆ ತಳಿ ಹುಟ್ಟಿದ್ದು ಸೋಫಾದ ಮೇಲೆ ಮಲಗಲಿಕ್ಕಲ್ಲ, ಮೊಲ ಬೆನ್ನಟ್ಟಲಿಕ್ಕೆ. ಅದರ ಮರಿಯನ್ನು ಬೇಟೆಗೆ ಪಳಗಿಸುವುದು ಹೇಗೆಂದು ಇಂಗ್ಲೆಂಡು, ಅಮೆರಿಕಗಳಲ್ಲಿ ಪುಸ್ತಕಗಳೇ ಇವೆ. ಮೊಲದ ಚರ್ಮವನ್ನು ಹಗ್ಗಕ್ಕೆ ಕಟ್ಟಿ ಹುಲ್ಲಿನ ಮೇಲೆ ಎಳೆಯಬೇಕು. ಮರಿ ವಾಸನೆಯ ಜಾಡು ಹಿಡಿದು ಬರಬೇಕು. ಆಮೇಲೆ ಪಳಗಿದ ನಾಯಿಯ ಜೊತೆ ಬಿಡಬೇಕು. ಜಿಂಕೆಯ ಹಿಂದೆ ಹೋದರೆ ತಡೆಯಬೇಕು. ಬಂದೂಕಿನ ಸದ್ದಿಗೆ ಬೆದರದಂತೆ ಮೊದಲು ದೂರದಿಂದ ಅಭ್ಯಾಸ ಮಾಡಿಸಬೇಕು. ಅಟ್ಟಿಸಿಕೊಂಡ ಮೊಲ ಸುತ್ತು ಹೊಡೆದು ತಾನು ಎದ್ದ ಜಾಗದ ಹತ್ತಿರಕ್ಕೇ ಬರುತ್ತದೆ. ಯಜಮಾನ ಬಂದೂಕು ಹಿಡಿದು ಅಲ್ಲೇ ನಿಂತಿರುತ್ತಾನೆ. ಓಡುವುದು ನಾಯಿ. ಬೇಟೆ ಯಜಮಾನನದು.

ಇದಕ್ಕೆ ಅವರು ಕ್ರೀಡೆ ಅಂತಾರೆ.

ಅದೇ ಇಂಗ್ಲೆಂಡಿನಲ್ಲಿ 1671ರಲ್ಲಿ ಒಂದು ಕಾಯ್ದೆ ಬಂತು. ವರ್ಷಕ್ಕೆ 100 ಪೌಂಡು ಹುಟ್ಟುವ ಸ್ವಂತ ಜಮೀನು ಇಲ್ಲದವನು ಮೊಲ ಹಿಡಿಯುವಂತಿಲ್ಲ, ಬೇಟೆ ನಾಯಿ ಸಾಕುವಂತೆಯೂ ಇಲ್ಲ. ದೊಡ್ಡ ಮನೆತನದ ಮಗನಾಗಿದ್ದರೆ ಮಾತು ಬೇರೆ. ಕೂಲಿಯವನ ಗುಡಿಸಲಿಗೆ ನುಗ್ಗಿ ಅವನ ನಾಯಿಯನ್ನೂ ಬಲೆಯನ್ನೂ ಕಸಿದುಕೊಳ್ಳುವ ಅಧಿಕಾರ ಜಮೀನ್ದಾರನ ಕಾವಲುಗಾರರಿಗೆ ಇತ್ತು. ಈ ಆಸ್ತಿಯ ಕಟ್ಟು ಸಡಿಲವಾಗಲು 1831 ಬರಬೇಕಾಯಿತು. ಮೊಲ ಅದೇ, ನಾಯಿ ಅದೇ. ಹಗ್ಗ ಹಿಡಿದ ಕೈ ಯಾರದು ಎಂದು ನೋಡಿ ಅದು ಕ್ರೀಡೆಯೋ ಕಳವೋ ಎಂದು ತೀರ್ಮಾನಿಸುತ್ತಿದ್ದರು.

ಅಷ್ಟು ದೂರ ಯಾಕೆ ಹೋಗಬೇಕು? ನಮ್ಮ ಮುಧೋಳಕ್ಕೇ ಬನ್ನಿ.

ಬೀಗಲ್ ಮೂಗಿನಿಂದ ಬೇಟೆಯಾಡುವ ನಾಯಿ. ಮುಧೋಳದ ನಾಯಿ ಕಣ್ಣಿನಿಂದ ಬೇಟೆಯಾಡುವ ನಾಯಿ. ಉದ್ದ ಕಾಲು, ಸಣ್ಣ ನಡು, ಆಳವಾದ ಎದೆ. ಬೇಡರ ಓಣಿಯಲ್ಲಿ ಅದನ್ನು ಸಾಕಿದರು, ಪಳಗಿಸಿದರು. ನಮ್ಮ ಕೇರಿಯ ಮುತ್ಯಾಗಳು ಗೌಡರ ಮನೆಯ ನಾಯಿ ಕಾಯುತ್ತಾ ಅದೇ ವಿದ್ಯೆ ಕಲಿತರು. ಪುಸ್ತಕ ಓದಿ ಕಲಿತವರಲ್ಲ. ಕಲಿತದ್ದನ್ನು ಬರೆದಿಡಲು ಅವರಿಗೆ ಅಕ್ಷರ ಕೊಟ್ಟವರೂ ಇರಲಿಲ್ಲ.

ಮರಿ ಎರಡು ಮೂರು ತಿಂಗಳದ್ದಿದ್ದಾಗ ಮೊಲದ ತೊಗಲನ್ನು ಹಗ್ಗಕ್ಕೆ ಕಟ್ಟಿ ಅಂಗಳದಲ್ಲಿ ಆಡಿಸುತ್ತಿದ್ದರು. ಸಾವಿರಾರು ಮೈಲಿ ಆಚೆಯ ಪುಸ್ತಕದಲ್ಲಿ ಇರುವುದೂ ಇದೇ ತೊಗಲು, ಇದೇ ಹಗ್ಗ! ಎಲುಬು ಬಲಿಯುವ ತನಕ ಬೇಟೆಗೆ ಬಿಡುತ್ತಿರಲಿಲ್ಲ. ಬೇಗ ಬಿಟ್ಟರೆ ಕಾಲೂ ಕೆಡುತ್ತದೆ, ಧೈರ್ಯವೂ ಕೆಡುತ್ತದೆ. ಜೋಳ ಕೊಯ್ದ ಎರೆ ಹೊಲಕ್ಕೆ, ಬಿಸಿಲೇರುವ ಮೊದಲು, ಹಳೆಯ ಹೆಣ್ಣು ನಾಯಿಯ ಜೊತೆ ಕರೆದೊಯ್ಯುತ್ತಿದ್ದರು. ಮೊಲ ಎದ್ದರೆ ನೆಟ್ಟಗೆ ಓಡುವುದಿಲ್ಲ, ಗಕ್ಕನೆ ಹೊರಳುತ್ತದೆ. ಒಂದು ನಾಯಿ ಅದನ್ನು ಹೊರಳಿಸಬೇಕು, ಇನ್ನೊಂದು ಹಿಡಿಯಬೇಕು. ಹಿಡಿದದ್ದನ್ನು ಹರಿಯದೆ ತರಬೇಕು. ತಂದಾಗ ಕರುಳು, ಕಾರಿಜ ನಾಯಿಯ ಪಾಲು. ಸಂಜೆ ನಾಯಿಯ ಪಾದ ಎತ್ತಿ ಬೆರಳ ಸಂದಿಯ ಮುಳ್ಳು ತೆಗೆಯುತ್ತಿದ್ದರು. ತಮ್ಮ ಪಾದದ ಮುಳ್ಳು ಆಮೇಲೆ.

"ಓಡೂದು ಅದರ ರಕ್ತದಾಗ ಐತಿ ತಮ್ಮಾ. ಅದನ್ನೇನ ಕಲಸ್ತಿ? ನಿಲ್ಲೂದ ಕಲಸಬೇಕು, ನಿಲ್ಲೂದ!" ಅನ್ನುತ್ತಿದ್ದರು ಮುತ್ಯಾ.

ತಂದ ಮೊಲದ ತೊಡೆ ಗೌಡರಿಗೆ. ತಲೆ, ಕಾಲು ನಮಗೆ. ಗೌಡರ ನಾಯಿಗೆ ಹಾಲು, ನಮ್ಮ ಕೂಸುಗಳಿಗೆ ಜೋಳದ ನುಚ್ಚು. ನಾಯಿ ಪಡಸಾಲೆಗೆ ಹೋಗಿ ಮಲಗುತ್ತಿತ್ತು. ಅದನ್ನು ಪಳಗಿಸಿದವನು ಅಂಗಳದಾಚೆ ನಿಂತು "ಎಪ್ಪಾ, ಬರ್ತೀನ್ರೀ" ಅಂತ ಕೂಗಿ ಬರುತ್ತಿದ್ದ. 1927ರಲ್ಲಿ ಮಹಾಡದ ಕೆರೆಗೆ ಅಂಬೇಡ್ಕರರು ನಮ್ಮವರನ್ನು ಕರೆದುಕೊಂಡು ಹೋದದ್ದು ಸುಮ್ಮನೆಯೇ? ಪಶುಗಳು ಕುಡಿದರೆ ಮೈಲಿಗೆಯಾಗದ ನೀರು ಮನುಷ್ಯರು ಮುಟ್ಟಿದರೆ ಮೈಲಿಗೆಯಾಗುತ್ತಿತ್ತು.

ಈಗ ಹೆಸರಿನ ಮಾತು. ಮುಧೋಳದ ರಾಜ ಮಾಲೋಜಿರಾವ್ ಘೋರ್ಪಡೆಯವರು ಐದನೆಯ ಜಾರ್ಜ್ ದೊರೆಗೆ ಈ ನಾಯಿಗಳನ್ನು ಕಾಣಿಕೆ ಕೊಟ್ಟರು. ಸಂಸ್ಥಾನದ ಹೆಸರೇ ನಾಯಿಯ ಹೆಸರಾಯಿತು. 2005ರಲ್ಲಿ ಅಂಚೆ ಚೀಟಿ ಬಂತು. ತಿಮ್ಮಾಪುರದಲ್ಲಿ ಶ್ವಾನ ಸಂಶೋಧನಾ ಕೇಂದ್ರ ಬಂತು. ಮರಿಗಳು ಮೀರತ್‌ನ ಸೇನಾ ಕೇಂದ್ರಕ್ಕೆ ಹೋದವು. 2020ರ ಆಗಸ್ಟ್‌ನಲ್ಲಿ ಪ್ರಧಾನಿಗಳು ರೇಡಿಯೋದಲ್ಲಿ ಹೊಗಳಿದರು. ಒಂದು ಕೆನಲ್ ಕ್ಲಬ್ಬು ಇದನ್ನು ಕಾರವಾನ್ ಹೌಂಡ್ ಅನ್ನುತ್ತದೆ, ಇನ್ನೊಂದು ಮುಧೋಳ ಹೌಂಡ್ ಅನ್ನುತ್ತದೆ. ಎರಡು ಹೆಸರಿನಲ್ಲೂ ಬೇಡರ ಓಣಿ ಇಲ್ಲ. ನಾಯಿಯ ವಂಶಾವಳಿ ಬರೆದಿಡುತ್ತಾರೆ. ಅದನ್ನು ಸಾಕಿದವನ ತಂದೆಯ ಹೆಸರು ಕೇಳುವವರಿಲ್ಲ.

ಇದೇ ಮುಧೋಳದ ಪಕ್ಕದಲ್ಲಿ ಹಲಗಲಿ ಇದೆ. 1857ರಲ್ಲಿ ಕಂಪನಿ ಸರ್ಕಾರ ಹತ್ಯಾರ ಒಪ್ಪಿಸಿ ಅಂದಾಗ ಬೇಡರು ಆಗಲ್ಲ ಅಂದರು. ಬೇಟೆ ಮಾಡಿ ಉಣ್ಣುವವನ ಹತ್ಯಾರ ಕಸಿಯುವುದೆಂದರೆ ಅವನ ಒಲೆಗೆ ನೀರು ಸುರಿದಂತೆ. ಊರಿಗೆ ಬೆಂಕಿ ಬಿತ್ತು. ಆ ಡಿಸೆಂಬರಿನಲ್ಲಿ 19 ಮಂದಿಯನ್ನು ಗಲ್ಲಿಗೇರಿಸಿದರು. ಜಡಗ, ಬಾಲ, ಹನುಮ, ರಾಮ ಇವರ ಹೆಸರುಗಳನ್ನು ಅರಮನೆ ಉಳಿಸಲಿಲ್ಲ. ಹಾಡುವವರ ನಾಲಿಗೆ ಲಾವಣಿಯಲ್ಲಿ ಉಳಿಸಿತು. ಬೇಟೆ ನಾಯಿಗೆ ಅಂಚೆ ಚೀಟಿ, ಬೇಟೆಗಾರನಿಗೆ ಕುಣಿಕೆ!

ಸ್ವತಂತ್ರ ಭಾರತದ ಕಾನೂನೂ ಮೊದಲು ಮುಖ ನೋಡಿಯೇ ಮಣೆ ಹಾಕಿತು. 1972ರ ವನ್ಯಜೀವಿ ಕಾಯ್ದೆಯಲ್ಲಿ ಬೇಟೆಗೆ ಲೈಸೆನ್ಸು ಇತ್ತು. ಲೈಸೆನ್ಸಿಗೆ ಫೀಜು ಕಟ್ಟುವವನು, ಅರ್ಜಿ ಬರೆಯುವವನು ಯಾರು? ಬಂದೂಕು ಇದ್ದವನು. ಕಾಗದವಿಲ್ಲದೆ ಮೊಲ ಹಿಡಿದವನು ಕಳ್ಳ. 1991ರ ತಿದ್ದುಪಡಿ ಆ ಲೈಸೆನ್ಸುಗಳನ್ನು ತೆಗೆದುಹಾಕಿತು.

ಗೆಳೆಯರೇ, ನಮ್ಮನ್ನು ತಪ್ಪು ತಿಳಿಯಬೇಡಿ. ಮೊಲ ಕೊಲ್ಲುವ ಹಕ್ಕು ಕೊಡಿ ಎಂದು ನಾವು ಕೇಳುತ್ತಿಲ್ಲ. ನಮ್ಮ ಸೀಮೆಯ ಮೊಲ ಬಿಲ ತೋಡುವುದಿಲ್ಲ. ಇನ್ನೊಬ್ಬರ ಹೊಲದ ಸಾಲಿನಲ್ಲಿ ಕಿವಿ ಮಡಚಿಕೊಂಡು, ಉಸಿರು ಬಿಗಿಹಿಡಿದು ಕೂತು ಬದುಕುತ್ತದೆ. ಆ ಭಯ ಎಂಥದೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬೇಟೆಯನ್ನು ನಮ್ಮ ಶೌರ್ಯವೆಂದು ಮೀಸೆ ತಿರುವುವ ನಮ್ಮ ಹುಡುಗರಿಗೂ ಒಂದು ಮಾತು: ಅದು ಶೌರ್ಯವಲ್ಲ, ಹಸಿವು. ಗೌಡರ ಹಬ್ಬದ ಶಿಕಾರಿಗೆ ಗಿಡಗಂಟಿ ಬಡಿಯಲು ಹೋಗಬೇಡಿ. ಕೇಸಾದರೆ ಸಿಕ್ಕಿಬೀಳುವವರು ನೀವು.

ನಾವು ಕೇಳುವುದು ಇಷ್ಟೇ. ಈ ವಿದ್ಯೆ ನಮ್ಮದು, ಅದನ್ನು ಒಪ್ಪಿಕೊಳ್ಳಿ. ಕೇಂದ್ರಗಳಲ್ಲಿ ಸಗಣಿ ಬಳಿಯುವ ಕೆಲಸ ಮಾತ್ರವಲ್ಲ, ಕಲಿಸುವ ಕೆಲಸವೂ ನಮ್ಮವರಿಗೆ ಬರಲಿ. ಮರಿ ಮಾರುವ ದಲ್ಲಾಳಿಗೆ ಸಿಗುವ ಲಾಭ ಮರಿ ಸಾಕುವ ಗುಡಿಸಲಿಗೂ ಸಿಗಲಿ. ಹಳ್ಳಿಯ ಮೇಷ್ಟ್ರುಗಳೇ, ಕಾಲೇಜು ಓದುವ ತಮ್ಮ ತಂಗಿಯರೇ, ಮುತ್ಯಾಗಳು ಬದುಕಿರುವಾಗಲೇ ಹೋಗಿ ಕೂತು ಬರೆದುಕೊಳ್ಳಿ. ಹೆಸರು ಸಹಿತ ಬರೆದುಕೊಳ್ಳಿ.

ನಾಯಿಗೆ ನಿಲ್ಲುವುದನ್ನು ನಮ್ಮವರು ಕಲಿಸಿದರು. ನಮಗೆ ನಿಲ್ಲುವುದನ್ನು ಊರು ಕಲಿಸಿತು: ಬಾವಿಯ ಆಚೆ ನಿಲ್ಲು, ಗುಡಿಯ ಹೊರಗೆ ನಿಲ್ಲು, ಶಾಲೆಯ ಬಾಗಿಲಲ್ಲಿ ನಿಲ್ಲು. ಸಾವಿರ ವರ್ಷ ನಿಂತೆವು. ನಮಗೂ ಓಟವನ್ನು ಯಾರೂ ಕಲಿಸಬೇಕಾಗಿಲ್ಲ. ಅದು ರಕ್ತದಾಗ ಐತಿ.