ಪಂಪಿನ ಸ್ಕ್ರೂ ತಿರುಗಿಸುವ ಮುನ್ನ



ಕಳೆದ ತಿಂಗಳ ಆಡಳಿತ ಮಂಡಳಿ ಸಭೆಯಲ್ಲಿ ಸಂಘದ ಲಾರಿಯ ವಿಷಯವಾಗಿ ಸ್ವಲ್ಪ ಬಿರುಸಿನ ಚರ್ಚೆ ನಡೆಯಿತು. ಆ ಸುದ್ದಿ ಸಂತೆಮಾಳ ತಲುಪುವ ಹೊತ್ತಿಗೆ "ಕಾರ್ಯದರ್ಶಿಗಳು ಲಾರಿಯನ್ನು ಶೆಡ್ಡಿನಲ್ಲಿಟ್ಟು ಪೂಜೆ ಮಾಡುತ್ತಾರಂತೆ" ಎಂದಾಗಿದೆ. ಆದುದರಿಂದ ನನ್ನ ಅಭಿಪ್ರಾಯವನ್ನು ಬರೆದೇ ತಿಳಿಸುವುದು ಲೇಸೆಂದು ಈ ನಾಲ್ಕು ಮಾತು.

ವಿಷಯ ಇಷ್ಟೆ. ಈ ಮಳೆಗಾಲದಲ್ಲಿ ಲಾರಿಯ ಇಂಜಿನನ್ನು ಪೂರ್ತಿ ಬಿಚ್ಚಿ ಕಟ್ಟಿಸಿದ್ದೇವೆ. ಅದು ಟಾಟಾದವರ 697 ಟರ್ಬೊ ಇಂಜಿನು. ಆರು ಸಿಲಿಂಡರು, 97 ಮಿ.ಮೀ. ಬೋರು ಎಂಬುದನ್ನೇ ಆ ಸಂಖ್ಯೆ ಹೇಳುತ್ತದೆ. ಲೈನರು, ಪಿಸ್ಟನ್, ರಿಂಗು, ಕ್ರ್ಯಾಂಕಿನ ಬೇರಿಂಗು, ವಾಲ್ವು ಎಲ್ಲ ಹೊಸದು. ಖರ್ಚು ಎರಡೂವರೆ ಲಕ್ಷ ದಾಟಿತು. ತಮ್ಮೆಲ್ಲರ ಷೇರಿನ ಹಣ. ಲಾರಿ ಗ್ಯಾರೇಜಿನಿಂದ ಹೊರಬಂದ ವಾರದಲ್ಲೇ ಇಬ್ಬರು ನಿರ್ದೇಶಕರು ಒಂದು ಸಲಹೆ ತಂದರು: "ಹೇಗೂ ಟರ್ಬೊ ಇಂಜಿನು, ಒಳಗಿನದೆಲ್ಲ ಹೊಸದು. ಪಂಪಿನ ಸ್ಕ್ರೂ ಒಂದು ಸುತ್ತು ತಿರುಗಿಸಿ ಡೀಸೆಲ್ ಜಾಸ್ತಿ ಬಿಡಿಸೋಣ. ಘಾಟಿಯಲ್ಲಿ ಚೆನ್ನಾಗಿ ಎಳೆಯುತ್ತದೆ, ಒಂದು ಟ್ರಿಪ್ಪಿಗೆ ಇನ್ನೆರಡು ಟನ್ ಗೊಬ್ಬರ ಬರುತ್ತದೆ." ಅರ್ಧ ಗಂಟೆಯ ಕೆಲಸ, ಮೆಕ್ಯಾನಿಕ್ಕೂ ಸಿದ್ಧ. ನಾನು ಬೇಡವೆಂದೆ. ಶಕ್ತಿ ಬೇಡವೆಂದಲ್ಲ, ಆ ದಾರಿ ಬೇಡವೆಂದೆ.

ಈ ಹಟಕ್ಕೆ ಕಾರಣ ನನ್ನ ಸ್ವಂತ ಮೂರ್ಖತನ. 1998ರಲ್ಲಿ ನನ್ನಲ್ಲೊಂದು ಟಾಟಾ 407 ಇತ್ತು; ಟರ್ಬೊ ಇಲ್ಲದ ನಾಲ್ಕು ಸಿಲಿಂಡರಿನ ಗಾಡಿ. ಇಂಜಿನು ಕೆಲಸ ಮಾಡಿಸಿ ಇಪ್ಪತ್ತು ದಿನವೂ ಆಗಿರಲಿಲ್ಲ. ಪಂಪಿನ ಸೀಲು ಕಿತ್ತು ಸ್ಕ್ರೂ ತಿರುಗಿಸಿಕೊಟ್ಟರು, ಕೇಳಿದವನು ನಾನೇ. ಎರಡು ವಾರ ರಾಜನ ಹಾಗೆ ಓಡಿಸಿದೆ. ಹಿಂದೆ ಕರಿ ಹೊಗೆ ಬರುವುದನ್ನು ಕಂಡು "ನೋಡಿ, ಎಂಥ ಪವರ್" ಎಂದು ಹೆಮ್ಮೆ ಬೇರೆ ಪಟ್ಟಿದ್ದೆ. ಚಾರ್ಮಾಡಿ ಘಾಟಿಯನ್ನು ಗೊಬ್ಬರದ ಲೋಡಿನೊಡನೆ ಹತ್ತುವಾಗ ಇಂಜಿನು ಹಿಡಿದು ನಿಂತಿತು. ಬಿಚ್ಚಿ ನೋಡಿದರೆ ಮೂರನೆಯ ಪಿಸ್ಟನ್ನಿನ ತಲೆಯ ಅಂಚು ಮೇಣದಂತೆ ಕರಗಿ ಲೈನರಿಗೆ ಮೆತ್ತಿಕೊಂಡಿತ್ತು. ಆ ಸಿಲಿಂಡರಿನ ನಾಝಲ್ ಸರಿಯಾಗಿ ಸಿಂಪಡಿಸದೆ ತೊಟ್ಟಿಕ್ಕುತ್ತಿತ್ತು; ಅದರ ಮೇಲೆ ಹೆಚ್ಚುವರಿ ಡೀಸೆಲ್ ಬೇರೆ. ಆ ವರ್ಷದ ಮೆಣಸಿನ ದುಡ್ಡೆಲ್ಲ ಅಲ್ಲಿಗೆ ಹೋಯಿತು.

ಯಾಕೆ ಹೀಗಾಗುತ್ತದೆ ಎಂಬುದು ಅಡಿಕೆ ಬೇಯಿಸುವ ನಮ್ಮವರಿಗೆ ಹೇಳಿಕೊಡಬೇಕಾದ್ದಿಲ್ಲ. ಒಲೆಯ ಬಾಯಿಗೆ ಗಾಳಿ ಆಡದಂತೆ ಸೌದೆ ತುರುಕಿದರೆ ಉರಿ ಏಳುವುದಿಲ್ಲ, ಹೊಗೆ ಏಳುತ್ತದೆ. ಒಂದು ಕಿಲೋ ಡೀಸೆಲ್ ಪೂರ್ತಿ ಉರಿಯಲು ಲೆಕ್ಕದ ಪ್ರಕಾರ ಸುಮಾರು 14.5 ಕಿಲೋ ಗಾಳಿ ಬೇಕು. ಇಂಜಿನಿನೊಳಗೆ ಕಣ್ಣು ಮುಚ್ಚಿ ತೆರೆಯುವುದಕ್ಕಿಂತ ಕಡಿಮೆ ಸಮಯದಲ್ಲಿ ಎರಡೂ ಬೆರೆಯಬೇಕಾದುದರಿಂದ, ಕರಿ ಹೊಗೆ ಬಾರದಿರಬೇಕಾದರೆ ಪೂರ್ಣ ಲೋಡಿನಲ್ಲಿ 20 ಕಿಲೋ ಆಸುಪಾಸಿನಲ್ಲಿ ಗಾಳಿ ಇರಬೇಕು. ಗಾಳಿ ಅಷ್ಟೇ ಇದ್ದು ಡೀಸೆಲ್ ಮಾತ್ರ ಹೆಚ್ಚಿದರೆ, ಮೊದಮೊದಲು ಎಳೆತ ಸ್ವಲ್ಪ ಹೆಚ್ಚಿದಂತೆ ಕಂಡರೂ, ಹೊರಗೆ ಹೋಗುವ ಹೊಗೆಯ ಬಿಸಿ ಏರುತ್ತ ಹೋಗುತ್ತದೆ. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿ ಸೆಲ್ಸಿಯಸ್ಸಿಗೆ. ಪಿಸ್ಟನ್ ಉಳಿಯುವುದು ಆ ಬಿಸಿಯನ್ನು ಎಣ್ಣೆಯೂ ಲೈನರಿನ ಸುತ್ತಲ ನೀರೂ ಎಳೆದುಕೊಳ್ಳುತ್ತಿರುವ ತನಕ ಮಾತ್ರ.

ಇದರ ಮೇಲೆ ನಮ್ಮ ಊರಿನ ಎತ್ತರ ಬೇರೆ. ಸಮುದ್ರಮಟ್ಟಕ್ಕಿಂತ ಸಾವಿರ ಮೀಟರ್ ಮೇಲೆ ಗಾಳಿ ಶೇ. 9-10ರಷ್ಟು ತೆಳು. ಪಣಂಬೂರಿನಲ್ಲಿ ಗೊಬ್ಬರ ತುಂಬಿ ಹೊರಟ ಲಾರಿ ಗುಂಡ್ಯ ದಾಟಿ ಶಿರಾಡಿ ಹತ್ತುತ್ತ ಬಂದಂತೆ, ಅತಿ ಹೆಚ್ಚು ಶಕ್ತಿ ಬೇಕಾದಲ್ಲೇ ಗಾಳಿ ಕಡಿಮೆಯಾಗುತ್ತ ಹೋಗುತ್ತದೆ. ಕೆಳಗೆ ಸ್ವಚ್ಛವಾಗಿ ಓಡಿದ ಗಾಡಿ ಮೇಲೆ ಹೊಗೆ ಬಿಡುವುದು ಇದರಿಂದಲೇ. ಟರ್ಬೊ ಈ ಕೊರತೆಯನ್ನು ಬಹುಮಟ್ಟಿಗೆ ತುಂಬುತ್ತದೆ, ಆದರೆ ತಾನು ಹೆಚ್ಚು ತಿರುಗಿ ತುಂಬುತ್ತದೆ. ಅದರ ಅಚ್ಚು ಈಗಾಗಲೇ ನಿಮಿಷಕ್ಕೆ ಲಕ್ಷದ ಆಸುಪಾಸು ಸುತ್ತು ತಿರುಗುವಂಥದ್ದು.

ಅಂದರೆ ಮೊದಲು ನೋಡಬೇಕಾದದ್ದು ಗಾಳಿಯನ್ನು. ಸಭೆಯ ಮರುದಿನ ಬೆಳಿಗ್ಗೆ ನಾನೂ ನಮ್ಮ ಡ್ರೈವರೂ ಶೆಡ್ಡಿಗೆ ಹೋಗಿ ಲಾರಿಯ ಬಾನೆಟ್ಟಿನೊಳಗೆ ಕೈ ಹಾಕಿದೆವು. ಟರ್ಬೊದಿಂದ ಇಂಟರ್‌ಕೂಲರಿಗೆ ಹೋಗುವ ರಬ್ಬರ್ ಹೋಸಿನ ಅಡಿಯಲ್ಲಿ ಬೆರಳುದ್ದದ ಸೀಳು. ಎರಡೂವರೆ ಲಕ್ಷದ ಕೆಲಸದಲ್ಲಿ ಆ ಹಳೆಯ ಹೋಸನ್ನೇ ಮತ್ತೆ ಹಾಕಿ ಕಳುಹಿಸಿದ್ದರು! ಟರ್ಬೊ ಕಷ್ಟಪಟ್ಟು ತುಂಬಿದ ಗಾಳಿ ಅಲ್ಲಿಂದ ಸೋರುತ್ತಿತ್ತು. ಗಾಡಿ ಎಳೆಯುವುದಿಲ್ಲ ಎಂಬ ದೂರು ಎಲ್ಲಿಂದ ಬಂತೆಂದು ಈಗ ತಿಳಿಯಿತೇ? ಆ ಸ್ಥಿತಿಯಲ್ಲಿ ಪಂಪು ತೆರೆದಿದ್ದರೆ ನನ್ನ 407ರ ಕಥೆಯೇ ಆರು ಸಿಲಿಂಡರಿನಲ್ಲಿ ನಡೆಯುತ್ತಿತ್ತು. ಹೋಸು ಬದಲಾಯಿಸಿದೆವು, ಏರ್ ಫಿಲ್ಟರೂ ಹೊಸದು. ಡ್ರೈವರು ಈಗ ಪಂಪಿನ ಮಾತು ಎತ್ತುತ್ತಿಲ್ಲ.

ಎರಡನೆಯದು, ಹೊಸ ಇಂಜಿನು ಪಳಗಬೇಕು. ರಿಂಗೂ ಲೈನರೂ ಒಂದನ್ನೊಂದು ಉಜ್ಜಿ ಕೂರುವ ತನಕ ಉಜ್ಜುವಿಕೆಯ ಬಿಸಿಯೇ ಹೆಚ್ಚು. ಅದಕ್ಕೆ ಉರಿಯ ಬಿಸಿಯನ್ನೂ ಸೇರಿಸುವುದು ಸಲ್ಲದು. ಮೊದಲ ಸಾವಿರ ಕಿಲೋಮೀಟರ್ ಅರ್ಧ ಲೋಡು, ಒಂದೇ ವೇಗದಲ್ಲಿ ಓಡಿಸದೆ ಏರಿಸಿ ಇಳಿಸಿ ಓಡಿಸುವುದು, 500 ಕಿಲೋಮೀಟರಿಗೆ ಎಣ್ಣೆ ಮತ್ತು ಫಿಲ್ಟರ್ ಬದಲು. ಹಾಗೆಂದು ಕೆಲವರು ಮಾಡುವಂತೆ ಶೆಡ್ಡಿನಲ್ಲಿ ಸುಮ್ಮನೆ ಗಂಟೆಗಟ್ಟಲೆ ಸ್ಟಾರ್ಟ್ ಮಾಡಿಡುವುದೂ ತಪ್ಪೇ. ಲೋಡಿಲ್ಲದೆ ರಿಂಗು ಕೂರುವುದಿಲ್ಲ, ಲೈನರು ಗಾಜಿನಂತೆ ನುಣುಪಾಗಿ ಎಣ್ಣೆ ಕುಡಿಯಲು ಶುರುಮಾಡುತ್ತದೆ.

ಇಷ್ಟಾದ ಮೇಲೆ ಪಂಪಿನ ಸರದಿ. ಅದನ್ನು ಗಾಡಿಯ ಮೇಲೆಯೇ ಸ್ಪ್ಯಾನರ್ ಹಾಕಿ, ಕಿವಿಗೊಟ್ಟು ಕೇಳಿ ಸೆಟ್ ಮಾಡುವ ಪದ್ಧತಿಗೆ ನನ್ನ ವಿರೋಧವಿದೆ. ಪಂಪನ್ನೂ ಆರು ನಾಝಲ್‌ಗಳನ್ನೂ ಇಳಿಸಿ ಟೆಸ್ಟ್ ಬೆಂಚಿನಲ್ಲಿಡಬೇಕು. ಸಾವಿರ ಹೊಡೆತಕ್ಕೆ ಪ್ರತಿ ಸಿಲಿಂಡರಿಗೆ ಎಷ್ಟು ಸಿ.ಸಿ. ಎಂದು ಗಾಜಿನ ಕೊಳವೆಯಲ್ಲಿ ಕಣ್ಣಾರೆ ಕಾಣುತ್ತದೆ, ಆರೂ ಸಮನಾಗಿರಬೇಕು. ಹಳೆಯ ಪಂಪು ಸವೆದು ಕಾರ್ಖಾನೆಯ ಅಳತೆಗಿಂತ ಕಡಿಮೆ ಕೊಡುತ್ತಿರುವುದು ಸಾಮಾನ್ಯ. ಅದನ್ನು ಆ ಅಳತೆಗೆ ತಂದರೆ ನಾವು ಬಯಸುವ ಎಳೆತದ ಬಹುಪಾಲು ತಾನೇ ಸಿಗುತ್ತದೆ. ಟರ್ಬೊ ಗಾಳಿ ಬರುವ ತನಕ ಡೀಸೆಲನ್ನು ತಡೆದು ಹಿಡಿಯುವ ಡಯಾಫ್ರಂ ಪಂಪಿನ ಮೇಲಿರುತ್ತದೆ. ಅದನ್ನು ತಪ್ಪಿಸಿ ಕಟ್ಟುವ ಕೈಚಳಕ ಬೇಡ. ಗವರ್ನರಿನ ಗರಿಷ್ಠ ವೇಗದ ಸ್ಕ್ರೂವನ್ನಂತೂ ಯಾರೂ ಮುಟ್ಟಕೂಡದು. ಟೈಮಿಂಗು ಅಡ್ವಾನ್ಸ್ ಮಾಡಿದರೆ ಚುರುಕಾಗುತ್ತದೆ ಎನ್ನುವವರಿದ್ದಾರೆ. ಚುರುಕಾಗುವುದು ನಿಜ, ಸಿಲಿಂಡರಿನೊಳಗಿನ ಒತ್ತಡ ಏರಿ ಹೆಡ್ ಗ್ಯಾಸ್ಕೆಟ್ ಒಡೆಯುವುದೂ ಅಷ್ಟೇ ನಿಜ.

ಇನ್ನು ಮುಖ್ಯವಾದ ಮಾತು: ಅಳೆಯದೆ ಏನನ್ನೂ ಏರಿಸಬಾರದು. ಟರ್ಬೊಗೆ ಮುಂಚೆ, ಮ್ಯಾನಿಫೋಲ್ಡಿನಲ್ಲಿ ಹೊಗೆಯ ಬಿಸಿ ಅಳೆಯುವ ಮೀಟರೊಂದನ್ನು ಹಾಕಿಸಲು ಮಂಡಳಿಯನ್ನು ಕೇಳಿದ್ದೇನೆ. ಟರ್ಬೊ ಆದ ಮೇಲೆ ಹಾಕಿದರೆ ನೂರು ಡಿಗ್ರಿಗೂ ಮಿಕ್ಕಿ ಕಡಿಮೆ ತೋರಿಸಿ ನಮ್ಮನ್ನು ಏಮಾರಿಸುತ್ತದೆ. ದೀರ್ಘ ಏರಿನಲ್ಲಿ 700 ಡಿಗ್ರಿ ದಾಟಬಾರದೆಂಬುದು ಅನುಭವಿಗಳ ಮಾತು. ನಮ್ಮ ಲಾರಿಗೆ ನಾನು 650ರಲ್ಲೇ ಗೆರೆ ಎಳೆಯುತ್ತೇನೆ. ಮುಳ್ಳು ಗೆರೆ ಮುಟ್ಟಿದರೆ ಡ್ರೈವರು ಆಕ್ಸಿಲರೇಟರ್ ಸಡಿಲಿಸಿ ಗೇರು ಇಳಿಸಬೇಕು. ದೊಡ್ಡ ಗೇರಿನಲ್ಲೇ ಒತ್ತಿ ಹಿಡಿದು ಇಂಜಿನನ್ನು ನರಳಿಸಿಕೊಂಡು ಹತ್ತುವುದು ಡೀಸೆಲ್ ಉಳಿತಾಯವೆಂದು ಬಹಳ ಜನ ನಂಬಿದ್ದಾರೆ. ಆಗ ಸುತ್ತು ಕಡಿಮೆ, ಗಾಳಿ ಕಡಿಮೆ, ಡೀಸೆಲ್ ಮಾತ್ರ ಪೂರ್ತಿ. ಬಿಸಿ ಅತಿ ಹೆಚ್ಚು ಏರುವುದು ಆಗಲೇ. ಘಾಟಿ ಹತ್ತಿ ಚಹಾ ಕುಡಿಯಲು ನಿಂತಾಗ ಎರಡು ಮೂರು ನಿಮಿಷ ಇಂಜಿನು ಸುಮ್ಮನೆ ಓಡಲಿ, ಕಾದ ಟರ್ಬೊದಲ್ಲಿ ಎಣ್ಣೆ ನಿಂತು ಕರಕಾಗದಂತೆ.

ಎರಡು ಟನ್ ಹೆಚ್ಚು ತರುವ ಮಾತನ್ನು ನಾನು ಒಪ್ಪಲಾರೆ, ಇಂಜಿನು ಎಷ್ಟೇ ಬಲವಾಗಲಿ. ಪಂಪಿನ ಸ್ಕ್ರೂ ಬ್ರೇಕಿಗೆ ತಾಗಿಕೊಂಡಿಲ್ಲ. ಅಡಿಕೆ ತುಂಬಿಕೊಂಡು ಮಂಗಳೂರಿಗೆ ಅದೇ ಶಿರಾಡಿಯಲ್ಲಿ ಇಳಿಯುವವನು ನಮ್ಮ ಊರಿನ ಹುಡುಗ, ಅವನಿಗೆ ಹೆಂಡತಿ ಮಕ್ಕಳಿದ್ದಾರೆ. 2019ರ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯಲ್ಲಿ ಮಿತಿ ಮೀರಿದ ಲೋಡಿಗೆ ಇಪ್ಪತ್ತು ಸಾವಿರ ರೂಪಾಯಿ, ಮೇಲೆ ಟನ್ನಿಗೆ ಎರಡು ಸಾವಿರದಂತೆ ದಂಡ ಬರೆದಿದೆ. ದಂಡಕ್ಕೆ ಹೆದರಿ ಹೇಳುತ್ತಿಲ್ಲ. ಹೆಚ್ಚುವರಿ ಎರಡು ಟನ್ನಿನ ಬಾಡಿಗೆ ಎಷ್ಟೆಂದು ಲೆಕ್ಕ ಹಾಕುವವರು ಇದನ್ನೂ ಹಾಕಲಿ ಎಂದಷ್ಟೆ.

ಪಿಕಪ್ ಇಟ್ಟುಕೊಂಡಿರುವ ತರುಣ ಸದಸ್ಯರು "ನಮ್ಮದರಲ್ಲಿ ಸ್ಕ್ರೂ ಇಲ್ಲ, ಚಿಪ್ ಹಾಕಿಸಿದರೆ ಸಾಕು" ಎನ್ನುತ್ತಾರೆ. ಅಂಥ ಅಗ್ಗದ ಪೆಟ್ಟಿಗೆಗಳಲ್ಲಿ ಹಲವು ಮಾಡುವುದು, ಡೀಸೆಲಿನ ಒತ್ತಡ ಇರುವುದಕ್ಕಿಂತ ಕಡಿಮೆ ಇದೆಯೆಂದು ಇಂಜಿನಿನ ಕಂಪ್ಯೂಟರಿಗೆ ಸುಳ್ಳು ಹೇಳುವುದು. ಅದು ನಂಬಿ ಒತ್ತಡ ಏರಿಸುತ್ತದೆ. ಸ್ಕ್ರೂ ಬೇರೆ, ಒಲೆ ಅದೇ. 2020ರ ಏಪ್ರಿಲ್ ನಂತರದ ಬಿ.ಎಸ್. 6 ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರು ಕಟ್ಟಿಕೊಂಡರೆ ಅದರ ಬೆಲೆಯನ್ನು ಮೊದಲೇ ವಿಚಾರಿಸಿಟ್ಟುಕೊಳ್ಳಿ.

ಲಾರಿ ಈಗ 640 ಕಿಲೋಮೀಟರ್ ಓಡಿದೆ. ಎಣ್ಣೆ ಒಮ್ಮೆ ಬದಲಾಗಿದೆ. ಸಾವಿರ ಮುಗಿದ ಮೇಲೆ ಪಂಪು ಬೆಂಚಿಗೆ ಹೋಗುತ್ತದೆ, ಅಲ್ಲಿಯವರೆಗೆ ಪ್ರತಿ ಟ್ರಿಪ್ಪಿಗೆ ಅರ್ಧ ಲೋಡು ಮಾತ್ರ. ಗೊಬ್ಬರಕ್ಕೆ ಹೆಸರು ಬರೆಸಿದ ಸದಸ್ಯರಿಗೆ ಹತ್ತು ಹನ್ನೆರಡು ದಿನ ತಡವಾಗಬಹುದು, ಕ್ಷಮೆ ಇರಲಿ. ಬೆಂಚಿನ ಅಳತೆಯನ್ನೂ ಘಾಟಿಯಲ್ಲಿ ಮೀಟರು ತೋರಿಸಿದ ಬಿಸಿಯನ್ನೂ ಲಾಗ್ ಪುಸ್ತಕದಲ್ಲಿ ಬರೆಸಿ ಕಚೇರಿಯಲ್ಲಿಡಲಾಗುವುದು. ಪಂಪು ತೆರೆಸಲೇಬೇಕೆನ್ನುವ ನಿರ್ದೇಶಕರು ಆ ಪುಸ್ತಕ ನೋಡಿ ಮುಂದಿನ ಸಭೆಯಲ್ಲಿ ಮಾತಾಡಲಿ. 407ರ ಆ ಪಿಸ್ಟನ್ ನನ್ನ ಮೇಜಿನ ಮೇಲೆ ಕಾಗದ ಹಾರದಂತೆ ಕೂತಿದೆ, ಅದನ್ನೂ ನೋಡಬಹುದು.

ಇತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ