ಮೀಟರ್ ದಾಟಿದ ನೀರಿಗೆ ಯಾರು ಹೊಣೆ?

ಬೆಂಗಳೂರು ಜಲಮಂಡಳಿಯ ಅಧ್ಯಕ್ಷರಿಗೊಂದು ಬಹಿರಂಗ ಪತ್ರ



ಹೊಸ ಮನೆಗೆ ನೀರಿನ ಸಂಪರ್ಕ ಬೇಕೆಂದರೆ ನಿಮ್ಮ ಮಂಡಳಿಯ ಪರವಾನಗಿ ಇರುವ ಪ್ಲಂಬರನ್ನು ಹುಡುಕಬೇಕು. ಕರೆಂಟಿಗೂ ಅಷ್ಟೇ, ಪರವಾನಗಿ ಪಡೆದ ಎಲೆಕ್ಟ್ರಿಕಲ್ ಕಂಟ್ರಾಕ್ಟರ್ ಸಹಿ ಬೀಳಬೇಕು. ಆದರೆ ಅದೇ ಮನೆಯ ಸಂಪಿನ ಪಕ್ಕ ಸಾಫ್ಟ್‌ನರ್ ಕೂರಿಸಲು, ಅಡುಗೆಮನೆಯ ನಲ್ಲಿಗೆ ಆರ್‌ಓ ಜೋಡಿಸಲು ಯಾರ ಅಪ್ಪಣೆಯೂ ಬೇಡ. ಒಂದು ಬ್ಯಾಗು, ಡ್ರಿಲ್ಲು, ವಿಸಿಟಿಂಗ್ ಕಾರ್ಡು ಇದ್ದರೆ ಸಾಕು. ಮನೆಮಂದಿಯೆಲ್ಲ ಕುಡಿಯುವ ನೀರಿಗೆ ಕೈಹಾಕುವ ಕಸುಬಿಗೇ ಹೇಳುವವರು ಕೇಳುವವರು ಇಲ್ಲದಂತಾಗಿದೆ. ಈ ಕೆಲಸ ಮಾಡುವವರಿಗೂ ಪರೀಕ್ಷೆ ಇಟ್ಟು ಪ್ಲಂಬರುಗಳ ಹಾಗೆ ಪರವಾನಗಿ ಕೊಡಿ ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ.

ಮನೆಬಾಗಿಲಲ್ಲಿ ನಡೆಯುವ 'ಡೆಮೊ' ನೀವೂ ನೋಡಿರಬಹುದು. ಎರಡು ಗಾಜಿನ ಲೋಟ, ಒಂದರಲ್ಲಿ ನಿಮ್ಮ ನಲ್ಲಿ ನೀರು, ಇನ್ನೊಂದರಲ್ಲಿ ಅವರ ಮೆಷಿನ್ನಿನ ನೀರು. ಲೋಹದ ಕಡ್ಡಿಗಳಿರುವ ಪುಟ್ಟ ಉಪಕರಣವೊಂದನ್ನು ಎರಡಕ್ಕೂ ಇಳಿಬಿಟ್ಟು ಸ್ವಿಚ್ ಹಾಕುತ್ತಾರೆ. ಅರೆಗಳಿಗೆಯಲ್ಲಿ ನಲ್ಲಿ ನೀರು ಕಂದು ಬಗ್ಗಡವಾಗುತ್ತದೆ, ಅವರ ನೀರು ಮಾತ್ರ ತಿಳಿಯಾಗಿಯೇ ಉಳಿಯುತ್ತದೆ. 'ನೋಡಿ ಮೇಡಂ, ಮಕ್ಕಳಿಗೆ ಇದನ್ನೇ ಕುಡಿಸ್ತಿದ್ದೀರಿ' ಎಂದರೆ ಯಾವ ತಾಯಿ ತಾನೆ ಬೆದರುವುದಿಲ್ಲ? ಆ ಬಗ್ಗಡ ನೀರಿನದಲ್ಲ, ಕಡ್ಡಿಯದು. ಲವಣಗಳಿರುವ ನೀರಿನಲ್ಲಿ ವಿದ್ಯುತ್ ಹರಿಯುತ್ತದೆ, ಕಬ್ಬಿಣದ ಕಡ್ಡಿ ಕರಗಿ ಕೆಸರಾಗುತ್ತದೆ. ಆರ್‌ಓ ನೀರಿನಲ್ಲಿ ಲವಣ ಕಡಿಮೆ, ಆದ್ದರಿಂದ ಕರೆಂಟು ಸರಿಯಾಗಿ ಹರಿಯುವುದಿಲ್ಲ. ಅವರ ಲೋಟಕ್ಕೂ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿ ಸ್ವಿಚ್ ಒತ್ತಲು ಹೇಳಿ, ಅದೂ ಬಗ್ಗಡವಾಗುತ್ತದೆ. ಹೈಸ್ಕೂಲಿನ ವಿದ್ಯುದ್ವಿಭಜನೆಯ ಪಾಠ ತೋರಿಸಿ ಹಣ ಕೀಳುವ ವ್ಯಾಪಾರವಿದು. ಇದೊಂದನ್ನು ನಿಷೇಧಿಸಿದರೂ ಪುಣ್ಯ ಬರುತ್ತದೆ.

ಡೆಮೊ ಮುಗಿದ ಮೇಲೆ ಪೆನ್ನಿನಂಥ ಟಿಡಿಎಸ್ ಮೀಟರ್ ಹೊರಬರುತ್ತದೆ. ನೀರಿನಲ್ಲಿ ಕರಗಿದ ಲವಣ ಎಷ್ಟೆಂದು ಅದು ಅಂದಾಜು ಹೇಳಬಲ್ಲದು, ಅಷ್ಟೇ. ರೋಗಾಣು ಇದೆಯೋ, ಫ್ಲೋರೈಡ್ ಎಷ್ಟಿದೆ, ನೈಟ್ರೇಟ್ ಎಷ್ಟಿದೆ ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ. ಭಾರತೀಯ ಮಾನಕ 10500 ಪ್ರಕಾರ ಕುಡಿಯುವ ನೀರಿನ ಟಿಡಿಎಸ್ ಲೀಟರಿಗೆ 500 ಮಿಲಿಗ್ರಾಂವರೆಗೆ ಸ್ವೀಕಾರಾರ್ಹ, ಬೇರೆ ಮೂಲವೇ ಇಲ್ಲದಿದ್ದರೆ 2000ದವರೆಗೂ ಅವಕಾಶವಿದೆ. ಫ್ಲೋರೈಡ್‌ನ ಮೇಲ್ಮಿತಿ ಬರೀ 1.5 ಮಿಲಿಗ್ರಾಂ. ಅದು ಅಪಾಯದ ಮಟ್ಟ ದಾಟಿದರೂ ಪೆನ್ನಿನ ಅಂಕಿ ನೋಡಿ ಗೊತ್ತಾಗುವುದಿಲ್ಲ.

ಬೆಂಗಳೂರಿನ ಮನೆಗಳಿಗೆ ಇನ್ನೊಂದು ತೊಡಕಿದೆ, ನಿಮಗದು ನನಗಿಂತ ಚೆನ್ನಾಗಿ ಗೊತ್ತು. ನಮ್ಮ ಸಂಪಿನಲ್ಲಿ ಒಂದೇ ನೀರು ಇರುವುದಿಲ್ಲ. ಕಾವೇರಿ ಬಿಟ್ಟ ದಿನ ಮೆದು ನೀರು, ಬಿಡದ ದಿನ ಬೋರು, ಬೇಸಿಗೆಯಲ್ಲಿ ಎಲ್ಲಿಯದೋ ಟ್ಯಾಂಕರ್ ನೀರು, ಎಲ್ಲವೂ ಅಲ್ಲೇ ಬೆರೆಯುತ್ತವೆ. 2024ರ ಅಕ್ಟೋಬರಿನಲ್ಲಿ ಕಾವೇರಿ ನೀರು ಯೋಜನೆಯ ಐದನೇ ಹಂತ ಉದ್ಘಾಟನೆಯಾಗಿ 110 ಹಳ್ಳಿಗಳಿಗೆ ನೀರಿನ ದಾರಿ ತೆರೆದ ಮೇಲೂ ಬೋರು, ಟ್ಯಾಂಕರುಗಳನ್ನು ಪೂರ್ತಿ ಬಿಟ್ಟವರು ಕಡಿಮೆ. ಹೀಗಿರುವಾಗ ಒಂದು ಮಧ್ಯಾಹ್ನದ ಒಂದು ಲೋಟ ನೋಡಿ ಮೆಷಿನ್ ಗೊತ್ತುಮಾಡುವುದು ಹೇಗೆ? ಕೆಲಸ ಬಲ್ಲವನು ಮೊದಲು ನೀರಿನ ಮೂಲ ಯಾವುದು, ಎಷ್ಟು ದಿನ ಯಾವುದು ಎಂದು ವಿಚಾರಿಸುತ್ತಾನೆ, ಪ್ರಯೋಗಾಲಯದ ವರದಿ ತರಿಸುತ್ತಾನೆ. ಕೆಲವು ಮನೆಗಳಿಗೆ 'ನಿಮಗೆ ಆರ್‌ಓ ಬೇಕಿಲ್ಲ, ರೋಗಾಣು ಕೊಲ್ಲುವ ಯುವಿ ಸಾಕು' ಎಂದು ಹೇಳಿ ಹೋಗುವ ಧೈರ್ಯವೂ ಅವನಿಗಿರುತ್ತದೆ. ಕಮಿಷನ್ ಮೇಲೆ ಬದುಕುವವನಿಂದ ಆ ಮಾತು ಹೊರಡುವುದು ಕಷ್ಟ.

ಸಾಫ್ಟ್‌ನರ್ ವಿಷಯದಲ್ಲಿ ತಪ್ಪು ಇನ್ನೂ ದುಬಾರಿ. ಅದು ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಂಡು ಬದಲಿಗೆ ಸೋಡಿಯಂ ಬಿಡುತ್ತದೆ. ಲೀಟರಿಗೆ 100 ಮಿಲಿಗ್ರಾಂ ಗಡಸುತನ ಇಳಿದರೆ ಸುಮಾರು 46 ಮಿಲಿಗ್ರಾಂ ಸೋಡಿಯಂ ಸೇರುತ್ತದೆ. 600ರ ಗಡಸುತನವಿರುವ ಬೋರಿನ ನೀರನ್ನು ಹೀಗೆ ಮೆದು ಮಾಡಿ ದಿನಕ್ಕೆ ಮೂರು ಲೀಟರ್ ಕುಡಿದರೆ 800 ಮಿಲಿಗ್ರಾಂಗೂ ಹೆಚ್ಚು ಸೋಡಿಯಂ ಹೊಟ್ಟೆ ಸೇರುತ್ತದೆ. ಬಿಪಿ ಎಂದು ಉಪ್ಪಿನಕಾಯಿ ಬಿಟ್ಟ ಅಜ್ಜಿಗೆ ಇದನ್ನು ಹೇಳುವವರು ಯಾರು? ಅಡುಗೆಮನೆಗೆ ಬೇರೆ ಲೈನ್ ಎಳೆದರೆ ಅಥವಾ ಕುಡಿಯುವ ನೀರಿಗಷ್ಟೇ ಆರ್‌ಓ ಇಟ್ಟರೆ ತೊಂದರೆ ತಪ್ಪುತ್ತದೆ. ಸಾಫ್ಟ್‌ನರ್ ಒಳಗಿನ ರೆಸಿನ್ ತೊಳೆದ ಉಪ್ಪು ನೀರು ಎಲ್ಲಿಗೆ ಹೋಗುತ್ತದೆ ಎಂಬುದು ಮತ್ತೊಂದು ಪ್ರಶ್ನೆ. ಮಳೆನೀರು ಇಂಗಿಸಲೆಂದು ಮಂಡಳಿಯೇ ಕಡ್ಡಾಯ ಮಾಡಿದ ಇಂಗುಗುಂಡಿಗೆ ಅದರ ಪೈಪನ್ನು ತಿರುಗಿಸಿದರೆ ಅಕ್ಕಪಕ್ಕದ ಬೋರುಗಳಿಗೆ ನಾವೇ ಉಪ್ಪು ಉಣಿಸಿದಂತೆ.

2024ರ ಮಾರ್ಚಿನ ಬರಗಾಲದಲ್ಲಿ ಕುಡಿಯುವ ನೀರಿನಿಂದ ಕಾರು ತೊಳೆದವರಿಗೆ ನೀವು 5,000 ರೂಪಾಯಿ ದಂಡ ಹಾಕಿದಿರಿ, ಸರಿಯಾದ ಕೆಲಸ. ಆದರೆ ಸಾಧಾರಣ ಆರ್‌ಓ ಒಂದು ಲೀಟರ್ ಕೊಡಲು ಎರಡು ಮೂರು ಲೀಟರ್ ಚರಂಡಿಗೆ ಬಿಡುತ್ತದೆ. ನೂರು ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಮೇಲಕ್ಕೆತ್ತಿ ತಂದ ಕಾವೇರಿ, ಆರ್‌ಓ ಬೇಕೇ ಇಲ್ಲದ ಮನೆಯ ಸಿಂಕಿನಡಿ ಹೀಗೆ ಸೋರಿಹೋಗುವುದಕ್ಕೆ ದಂಡವಿಲ್ಲ, ಲೆಕ್ಕವೂ ಇಲ್ಲ. ಟಿಡಿಎಸ್ 500ಕ್ಕಿಂತ ಕಡಿಮೆ ಇರುವಲ್ಲಿ ಆರ್‌ಓ ನಿಷೇಧಿಸಿ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲೇ ಕೇಂದ್ರದ ಪರಿಸರ ಸಚಿವಾಲಯಕ್ಕೆ ಸೂಚಿಸಿತ್ತು. ಆ ಮಾತು ನಮ್ಮ ಬೀದಿಯ ಫಿಲ್ಟರ್ ಅಂಗಡಿಯವರೆಗೆ ಬಂದಂತಿಲ್ಲ.

ಪರವಾನಗಿ ಅಸಾಧ್ಯದ ಮಾತೇನಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ನೀರು ಸಂಸ್ಕರಣೆಯ ಉಪಕರಣ ಕೂರಿಸುವವರಿಗೆಂದೇ ಸಿ-55 ಎಂಬ ಪ್ರತ್ಯೇಕ ಪರವಾನಗಿಯಿದೆ. ಅದಕ್ಕೆ ನಾಲ್ಕು ವರ್ಷದ ಅನುಭವ, ಪರೀಕ್ಷೆ, 25,000 ಡಾಲರ್ ಬಾಂಡ್ ಬೇಕು. ಮನೆ ಕೆಲಸದ ಕರಾರಿನಲ್ಲಿ ಮುಂಗಡ ಶೇಕಡಾ 10 ಅಥವಾ 1,000 ಡಾಲರ್, ಯಾವುದು ಕಡಿಮೆಯೋ ಅದನ್ನು ಮೀರುವಂತಿಲ್ಲ. ನಮಗೆ ಅಷ್ಟು ಭಾರಿ ವ್ಯವಸ್ಥೆ ಬೇಕಿಲ್ಲ, ಬಾಂಡಿನ ಮೊತ್ತವಂತೂ ನಮ್ಮ ಹುಡುಗರಿಗೆ ಕೈಗೆಟುಕದ ಮಾತು.

ಇನ್ನೊಂದು ಪರವಾನಗಿ ಎಂದರೆ ಇನ್ನೊಂದು ಲಂಚದ ಕೌಂಟರ್ ಎಂಬ ಅನುಮಾನ ಜನರಿಗಿದೆ. ನನಗೂ ಇದೆ. ದುಡ್ಡಿಗೆ ಸಿಗುವ ಕಾಗದವಾದರೆ ಅದು ಇಲ್ಲದಿರುವುದೇ ವಾಸಿ. ಅದಕ್ಕೇ ಕೈಕೆಲಸದ ಪರೀಕ್ಷೆ ಇಡಿ, ಸಿಗುವ ನಂಬರನ್ನು ಯಾರು ಬೇಕಾದರೂ ಮೊಬೈಲಿನಲ್ಲಿ ನೋಡುವಂತಿರಲಿ, ಅದರ ಕೆಳಗೇ ದೂರುಗಳೂ ಕಾಣಲಿ. ಐಟಿಐ ಮುಗಿಸಿ ಊರಿನಿಂದ ಬಂದು ದಿನಕ್ಕೆ ಹತ್ತು ಮನೆ ಸುತ್ತುವ ಹುಡುಗ ಇಂದು ಕಂಪನಿಯ ಟಾರ್ಗೆಟ್ಟಿಗೆ ಕೊರಳು ಕೊಟ್ಟಿದ್ದಾನೆ. ಸ್ವಂತ ಹೆಸರಿನಲ್ಲೊಂದು ಪರವಾನಗಿಯಿದ್ದರೆ 'ವರದಿ ಬರಲಿ, ಆಮೇಲೆ ಮೆಷಿನ್' ಎನ್ನಲು ಅವನಿಗೂ ಒಂದು ಆಸರೆಯಾದೀತು.

ಇದಕ್ಕೆ ಕಾಯ್ದೆ ತಿದ್ದಬೇಕಾದರೆ ಸರ್ಕಾರಕ್ಕೆ ಪ್ರಸ್ತಾವ ಕಳಿಸಿ, ಅದಕ್ಕೆ ಹಿಡಿಯುವ ಕಾಲ ಹಿಡಿಯಲಿ. ಅಷ್ಟರೊಳಗೆ ನಿಮ್ಮ ಕೈಯಲ್ಲೇ ಇರುವ ಕೆಲಸವೊಂದಿದೆ. ಪ್ರತಿ ತಿಂಗಳು ಮನೆಗೆ ಬರುವ ಬಿಲ್ಲಿನ ಮೇಲೆ ಆ ಬಡಾವಣೆಗೆ ಬಿಟ್ಟ ಕಾವೇರಿ ನೀರಿನ ಟಿಡಿಎಸ್ ಮತ್ತು ಗಡಸುತನ, ಈ ಎರಡು ಅಂಕಿ ಮುದ್ರಿಸಿ. ಬೋರಿನ ನೀರು ತಂದುಕೊಟ್ಟವರಿಗೆ ಕೈಗೆಟುಕುವ ಶುಲ್ಕದಲ್ಲಿ ಪರೀಕ್ಷೆ ಮಾಡಿಕೊಡಿ. ಮುಂದಿನ ಸಲ ಕಡ್ಡಿಯ ಡಬ್ಬಿ ಹಿಡಿದು ಬರುವವನ ಮುಂದೆ ಹಿಡಿಯಲು ನಮಗೊಂದು ಕಾಗದ ಬೇಕು.

ಇಂತಿ,
ನಿಮ್ಮ ಬಿಲ್ ತಪ್ಪದೆ ಕಟ್ಟುವ ಒಬ್ಬ ಗ್ರಾಹಕ